ನೂರು ವ್ಯಾಟಿನ ಸೇಡು

ಅಮರನಾಥ್ ಅಂಗಡಿಯ ಮೆಟ್ಟಿಲು ಹತ್ತಿದಾಗ ಮುನಿಕೃಷ್ಣನ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇತ್ತು. ಅದನ್ನು ಆ ಮನುಷ್ಯನ ಮೂತಿಗೆ ಇಡದೆ ಸ್ಟ್ಯಾಂಡಿನ ಮೇಲೆ ಇಟ್ಟನಲ್ಲ, ಅದೇ ದೊಡ್ಡದು. ಆ ಮುಖ ಕಂಡು ಹತ್ತು ವರ್ಷಕ್ಕೂ ಮೇಲಾಗಿತ್ತು. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದ, ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತಿತ್ತು, ಉಳಿದಂತೆ ಅದೇ ಅಮರನಾಥ್. ಕಂಕುಳಲ್ಲಿ ಒಂದು ಪುಟ್ಟ ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡಿದ್ದ.

"ಏನ್ಲಾ ಮುನಿಕೃಷ್ಣ, ಇಲ್ಲಿದ್ದೀಯಾ ನೀನು?" ಎಂದು ನಕ್ಕ.

ಆ ನಗುವೇ ಮುನಿಕೃಷ್ಣನ ಹೊಟ್ಟೆಗೆ ಬೆಂಕಿ ಇಟ್ಟಿದ್ದು. ಕಲ್ಲು ಎಸೆದವನಿಗೆ ಮರೆತುಹೋಗಿರುತ್ತದೆ, ತಲೆ ಒಡೆಸಿಕೊಂಡವನು ದಿನಾ ಬೆಳಿಗ್ಗೆ ಗಾಯ ಮುಟ್ಟಿ ನೋಡಿಕೊಳ್ಳುತ್ತಾನೆ. ತಲೆ ತಗ್ಗಿಸಿಕೊಂಡು ಬಂದಿದ್ದರೆ, ಕಡೇಪಕ್ಷ ಬಾಗಿಲಲ್ಲಿ ಒಂದು ಗಳಿಗೆ ಹಿಂದುಮುಂದು ನೋಡಿದ್ದರೆ, ಮುನಿಕೃಷ್ಣ ಬೇರೆ ಗಿರಾಕಿಗಳಿಗೆ ಕೊಡುವಷ್ಟಾದರೂ ಮರ್ಯಾದೆ ಕೊಡುತ್ತಿದ್ದನೇನೋ. ಇವನು ನೆನ್ನೆ ಸಂಜೆ ಜೊತೆಗೆ ಟೀ ಕುಡಿದು ಹೋದವನಂತೆ ಬಂದು ಸ್ಟೂಲ್ ಎಳೆದುಕೊಂಡು ಕೂತ.

ಅಂಗಡಿ ಮುಖ್ತಿಯಾರ್ ಸಾಬರದು, ಕೋಲಾರದ ಪೇಟೆಯೊಳಗಿನ ಒಂದು ಓಣಿಯಲ್ಲಿ. ಸುತ್ತಲಿನ ಹಳ್ಳಿಗಳ ಮೈಕ್ ಸೆಟ್ಟಿನವರು ಮದುವೆ, ಜಯಂತಿ ಮುಗಿಸಿ ಹರಿದ ಸ್ಪೀಕರ್‌ಗಳನ್ನು ತಂದು ಇಲ್ಲಿ ಗುಡ್ಡೆ ಹಾಕುತ್ತಿದ್ದರು. ಹರಿದ ಕೋನ್ ಕಿತ್ತು, ಸುಟ್ಟ ಕಾಯಿಲ್ ತೆಗೆದು, ಹೊಸ ತಂತಿ ಸುತ್ತಿ, ಹೊಸ ಕಾಗದದ ಕೋನ್ ಅಂಟಿಸಿ ಕೊಡುವುದು ಕೆಲಸ. ಮುಖ್ತಿಯಾರ್ ಸಾಬರಿಗೆ ಕಣ್ಣು ಮಂಜಾದ ಮೇಲೆ ಸೂಕ್ಷ್ಮದ ಕೆಲಸವೆಲ್ಲ ಮುನಿಕೃಷ್ಣನ ಪಾಲಿಗೆ ಬಂದಿತ್ತು. ಹಾಗೆ ನೋಡಿದರೆ ಅವನು ಈ ಕೆಲಸಕ್ಕೆ ಹುಟ್ಟಿದವನಲ್ಲ. ಒಂದು ಕಾಲಕ್ಕೆ ಅವನ ಕೈಯಲ್ಲಿ ಗಿಟಾರ್ ಇತ್ತು. ಅದನ್ನು ಕಿತ್ತುಕೊಂಡವನು ಈಗ ಸ್ಟೂಲಿನ ಮೇಲೆ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

ಆಗ ಅಮರನಾಥ್ ಎಂದರೆ ಕೋಲಾರದ ಈ ಮೂಲೆಯಿಂದ ಮುಳಬಾಗಿಲಿನ ಆ ಮೂಲೆಯವರೆಗೆ ಹೆಸರು. ಅವನ ಅಮರಗಾನ ಆರ್ಕೆಸ್ಟ್ರಾ ಇಲ್ಲದೆ ಗಣೇಶ ನೀರಿಗೆ ಇಳಿಯುತ್ತಿರಲಿಲ್ಲ. ಮುನಿಕೃಷ್ಣ ಅದರಲ್ಲಿ ಗಿಟಾರಿನವನು. ವೇದಿಕೆಯ ಮೇಲೆ ಯಾರ ಸದ್ದು ಎಷ್ಟು ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ಮಿಕ್ಸರ್. ಅದರ ಮುಂದೆ ಯಜಮಾನನೇ ಕೂರುವುದು ಆ ಕಾಲದ ಪದ್ಧತಿ. ಸಂಬಳ ಕೊಡುವವನೇ ಸದ್ದನ್ನೂ ಕೊಡುವವನು.

ಮುನಿಕೃಷ್ಣನ ಅಪ್ಪ ಆವಲಪ್ಪ ಹುತ್ತೂರಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದ. ಹುಳು ಇರುವ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು, ಹೊರಗಿನವರು ಬರಬಾರದು, ಗಲಾಟೆ ಇರಬಾರದು. ಆದ್ದರಿಂದ ಮಗ ಮನೆಯಲ್ಲಿ ಒಂದು ದಿನವೂ ತಂತಿ ಮೀಟಿರಲಿಲ್ಲ, ಅಪ್ಪ ಒಂದು ದಿನವೂ ಕೇಳಿರಲಿಲ್ಲ. ಆ ವರ್ಷ ಶ್ರೀನಿವಾಸಪುರದ ಗಣೇಶನ ಕಾರ್ಯಕ್ರಮಕ್ಕೆ ಬರುತ್ತೇನೆ ಎಂದು ಅಪ್ಪ ತಾನಾಗಿ ಹೇಳಿದಾಗ ಮುನಿಕೃಷ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆವಲಪ್ಪ ಒಗೆದ ಪಂಚೆ ಉಟ್ಟು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಮಗ ಅವನ ಮುಖ ನೋಡಿಕೊಂಡೇ ಜೀವ ಸುರಿದು ನುಡಿಸಿದ. ವೇದಿಕೆಯ ಮೇಲೆ ಅವನ ಪಕ್ಕದ ಪೆಟ್ಟಿಗೆಯಲ್ಲಿ ಅವನ ಸದ್ದು ಅವನಿಗೆ ಕೇಳಿಸುತ್ತಲೇ ಇತ್ತು. ಹೊರಗೆ ಜನರ ಕಡೆಗೆ ಮಾತ್ರ ಒಂದೇ ಒಂದು ಸ್ವರವೂ ಹೋಗಿರಲಿಲ್ಲ. ಅಮರನಾಥ್ ಮಿಕ್ಸರಿನಲ್ಲಿ ಗಿಟಾರಿನ ಗುಂಡಿಯನ್ನು ಮೊದಲ ಹಾಡಿನಿಂದ ಮಂಗಳದವರೆಗೆ ಕೆಳಗೇ ಇಟ್ಟಿದ್ದ.

ಕೆಳಗಿಳಿದ ಮೇಲೆ ಮೈಕ್ ಸೆಟ್ಟಿನವನೊಬ್ಬ ಅಯ್ಯೋ ಅನ್ನಿಸಿ ಈ ಸಂಗತಿ ಹೇಳಿದ. ಮುನಿಕೃಷ್ಣ ಹೋಗಿ ಯಜಮಾನನ ಕೊರಳಪಟ್ಟಿಗೆ ಕೈ ಹಾಕುವುದೊಂದು ಬಾಕಿ. ಅಮರನಾಥ್ ವೈರು ಸುತ್ತುತ್ತಾ, ತಲೆ ಕೂಡ ಎತ್ತದೆ, ನಿನ್ನ ಕೈ ಸರಿ ಇಲ್ಲ, ಊರಿಗೆ ಹೋಗಿ ಹುಳ ಸಾಕು ಎಂದ. ಮುಳಬಾಗಿಲಿನ ಇನ್ನೊಂದು ಟ್ರೂಪಿನವರು ಮುನಿಕೃಷ್ಣನನ್ನು ಕರೆದಿದ್ದರು, ಅವನು ಹೂಂ ಅಂದಿದ್ದ. ಅದಕ್ಕೇ ಈ ಶಿಕ್ಷೆ ಎಂಬುದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆವಲಪ್ಪ ಒಂದೇ ಮಾತು ಆಡಿದ್ದು.

"ಕೈ ಆಡ್ತಿತ್ತು ಕಣಪ್ಪ. ಸದ್ದು ಬರ್ಲಿಲ್ಲ."

ಊರಿನಿಂದ ಬೇರೆಯವರೂ ಹೋಗಿದ್ದರಲ್ಲ, ಸುದ್ದಿ ಬಸ್ಸಿಗಿಂತ ಮೊದಲೇ ಹುತ್ತೂರು ಮುಟ್ಟಿತ್ತು. ಮೂಗ ಗಿಟಾರ್ ಎಂದು ಹೆಸರಿಟ್ಟರು. ಬರೀ ಕೈ ಆಡಿಸೋದಕ್ಕೆ ಎಷ್ಟು ಕೊಡ್ತಾರಪ್ಪ ಎಂದು ಅರಳಿಕಟ್ಟೆಯಲ್ಲಿ ಕೇಳಿದರು. ಹೆಣ್ಣು ಕೊಡುವವರ ಕಿವಿಗೆ ಹುಡುಗನ ಹೆಸರಿಗಿಂತ ಈ ಹೆಸರೇ ಮುಂಚೆ ಹೋಗುತ್ತಿತ್ತು. ಮುಳಬಾಗಿಲಿನವರೂ ಆಮೇಲೆ ಕರೆಯಲಿಲ್ಲ. ಮುನಿಕೃಷ್ಣ ಗಿಟಾರ್ ಮಾರಿ ಸೊಪ್ಪು ಕೊಯ್ಯಲು ನಿಂತ. ಆವಲಪ್ಪ ಎರಡು ಮೂರು ವರ್ಷದಲ್ಲಿ ಕಾಮಾಲೆಯಾಗಿ ತೀರಿಕೊಂಡ, ಹುಳು ಸಾಕುವುದು ನಿಂತು ಮಗ ಸಾಬರ ಅಂಗಡಿ ಸೇರಿದ. ಮಗನ ಕೈಯಲ್ಲಿ ವಿದ್ಯೆ ಇತ್ತು ಎಂಬುದನ್ನು ತಿಳಿಯದೆಯೇ ಅಪ್ಪ ಮಣ್ಣು ಸೇರಿದ. ಮುನಿಕೃಷ್ಣನಿಗೆ ಬೇರೆ ಎಲ್ಲ ನುಂಗಲು ಆಗಿತ್ತು, ಇದೊಂದು ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ ಮುನಿಶಾಮಮ್ಮನೂ ಈ ವಿಷಯದಲ್ಲಿ ಮಗನ ಜೊತೆಗೇ ಇದ್ದಳು. ರಾತ್ರಿ ಮುದ್ದೆ ಇಕ್ಕುವಾಗ ಅಮರನಾಥನ ಹೆಸರು ಬಂದರೆ ಅವನ ಬಾಯಿಗೆ ಮಣ್ಣು ಬೀಳ, ಅವನ ವಂಶಕ್ಕೆ ಹಾಡೋರು ಇಲ್ಲದೆ ಹೋಗ ಎಂದು ಶಾಪ ಹಾಕುತ್ತಿದ್ದಳು. ಶಾಪ ಹಾಕುವುದರಲ್ಲಿ ಅವಳ ಸಮಕ್ಕೆ ಹೋಬಳಿಯಲ್ಲೇ ಇನ್ನೊಬ್ಬರಿರಲಿಲ್ಲ.

ಈಗ ಆ ಅಮರನಾಥ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತನ್ನ ಕತೆ ಹೇಳಿಕೊಂಡ. ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ನಿಂತುಹೋಯಿತು, ಮಾಲೂರಿನಲ್ಲಿ ಮನೆ ಮಾಡಿಕೊಂಡು ತಣ್ಣಗೆ ಇದ್ದಾನೆ, ಈಗೀಗ ಮನೆಯಲ್ಲಿ ಕೂತು ತಾನೇ ಗಿಟಾರ್ ನುಡಿಸುತ್ತಾನೆ. ಅದಕ್ಕೆಂದೇ ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದ ಈ ವಾಲ್ವ್ ಆಂಪ್ಲಿಫೈಯರ್ ಕೊಂಡಿದ್ದಾನೆ. ಹಳೇ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥ ಗಾಜಿನ ವಾಲ್ವ್‌ಗಳು ಒಳಗಿವೆ. ಶಕ್ತಿ ಐದು ವ್ಯಾಟ್ ಮಾತ್ರ, ಜೊತೆಗೆ ಎಂಟು ಇಂಚಿನ ಒಂದು ಸ್ಪೀಕರ್. ಆ ಸ್ಪೀಕರಿನ ದನಿ ಅವನಿಗೆ ಹಿಡಿಸಿಲ್ಲ, ತಗಡು ಬಡಿದ ಹಾಗಿದೆ. ಮಗಳು ರಂಜಿತಳಿಗೆ ಮುಳಬಾಗಿಲಿನ ಕಡೆಯ ಸಂಬಂಧ ಬಂದಿದೆ. ಬೀಗರಾಗುವ ಚನ್ನರಾಯಪ್ಪನವರಿಗೆ ಹಳೇ ಹಾಡು ಎಂದರೆ ಪ್ರಾಣ. ಭಾನುವಾರ ಮನೆಗೆ ಬರುತ್ತಾರೆ, ಗಿಟಾರ್ ಕೇಳಬೇಕು ಅಂದಿದ್ದಾರೆ. ಅಷ್ಟರೊಳಗೆ ಒಳ್ಳೇ ಸ್ಪೀಕರ್ ಬೇಕು.

"ನೂರು ವ್ಯಾಟಿಂದು ಹಾಕ್ಬಿಡು ಕಣೋ. ಮನೆ ಅದುರ್ಬೇಕು."

ಮುನಿಕೃಷ್ಣ ತಲೆ ಎತ್ತಿ ಅವನನ್ನು ನೋಡಿದ. ನೂರು ವ್ಯಾಟ್! ಮೈಕ್ ಸೆಟ್ಟಿನ ಲೋಕದಲ್ಲಿ ಹುಟ್ಟಿ ಬೆಳೆದವರೆಲ್ಲ ಆಡುವ ಮಾತು ಇದು. ಸ್ಪೀಕರಿನ ಬೆನ್ನ ಮೇಲೆ ಬರೆದಿರುವ ವ್ಯಾಟ್ ಅದು ಎಷ್ಟು ಏಟು ತಡೆಯುತ್ತದೆ ಎಂಬುದರ ಲೆಕ್ಕ, ಎಷ್ಟು ಸದ್ದು ಮಾಡುತ್ತದೆ ಎಂಬುದರದ್ದಲ್ಲ. ಐದು ವ್ಯಾಟಿನ ಪೆಟ್ಟಿಗೆಗೆ ಹಗುರವಾದ ಕಾಗದದ, ಸಣ್ಣ ಮಾತಿಗೂ ಓಗೊಡುವ ಸ್ಪೀಕರ್ ಬೇಕು. ದಪ್ಪ ಕೋನು, ರಬ್ಬರಿನ ಅಂಚು ಇರುವ ನೂರು ವ್ಯಾಟಿನ ವೂಫರ್ ಹಾಕಿದರೆ ಅದು ಇರುವ ಸದ್ದನ್ನೆಲ್ಲ ನುಂಗಿ ಕೂರುತ್ತದೆ. ಇಂಥದ್ದು ಬೇಡ ಎಂದು ಗಿರಾಕಿಗೆ ಬಿಡಿಸಿ ಹೇಳುವುದು ಅಂಗಡಿಯವನ ಧರ್ಮ. ಮುನಿಕೃಷ್ಣ ಹೇಳಲಿಲ್ಲ.

"ಆಯ್ತು ಅಮರಣ್ಣ. ನೀವು ಹೇಳಿದ್ದನ್ನೇ ಹಾಕ್ತೀನಿ" ಎಂದ.

ಅಮರನಾಥ್ ಹೋದ ಮೇಲೆ ಅವನು ಆ ಪೆಟ್ಟಿಗೆಯ ಹಿಂಬದಿ ಬಿಚ್ಚಿಕೊಂಡು ಬಹಳ ಹೊತ್ತು ಕೂತ. ದಾರಿಗಳು ಎರಡಿದ್ದವು. ಸ್ಪೀಕರಿನ ತಂತಿಯ ಬೆಸುಗೆಯನ್ನು ಅರೆಬರೆ ಬಿಟ್ಟರೆ ಸಾಕು, ನುಡಿಸುವಾಗ ಕಳಚಿಕೊಳ್ಳುತ್ತದೆ. ವಾಲ್ವ್ ಆಂಪು ಸ್ಪೀಕರ್ ಇಲ್ಲದೆ ಕೂಗಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗುತ್ತದೆ. ಆದರೆ ಸುಟ್ಟುಹೋದರೆ ಏನಾಯಿತು? ಕರೆಂಟಿನ ತಪ್ಪು ಎನ್ನುತ್ತಾನೆ, ಬೀಗರು ಅಯ್ಯೋ ಪಾಪ ಎನ್ನುತ್ತಾರೆ. ಅಯ್ಯೋ ಪಾಪ ಎನ್ನಿಸಿಕೊಳ್ಳಲು ಬಿಡಬಾರದು. ಅವನು ಬೀಗರ ಮುಂದೆ ಕೂತು ಮೀಟಬೇಕು, ಮೀಟಿದಷ್ಟೂ ಕಂಬಳಿ ಹೊದ್ದವನು ಕೆಮ್ಮಿದ ಹಾಗೆ ಕೇಳಿಸಬೇಕು. ಇಷ್ಟೇನಾ ಇವನ ಕೈ ಎಂದು ಅವರು ಮುಖ ಮುಖ ನೋಡಿಕೊಳ್ಳಬೇಕು. ಹಾಗೆ ಯೋಚಿಸಿದಾಗ ಮುನಿಕೃಷ್ಣನ ಮೈಯೆಲ್ಲ ಹಗುರಾಯಿತು. ಸೇಡಿನಲ್ಲಿ ಇಷ್ಟು ಸುಖವಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಇಷ್ಟು ವರ್ಷ ಕಾಯುತ್ತಿರಲಿಲ್ಲ.

ಗುಜರಿಯಿಂದ ಬಂದಿದ್ದ ಹಳೇ ಮ್ಯೂಸಿಕ್ ಸಿಸ್ಟಮ್ಮಿನ ಹತ್ತು ಇಂಚಿನ, ನೂರು ವ್ಯಾಟಿನ ವೂಫರ್ ಒಂದು ಅಟ್ಟದ ಮೇಲಿತ್ತು. ಅಷ್ಟು ಮೊದ್ದು ಸ್ಪೀಕರನ್ನು ಅವನು ಬದುಕಿನಲ್ಲಿ ಕಂಡಿರಲಿಲ್ಲ. ಓಮ್ಸ್, ಅಂದರೆ ಕಾಯಿಲಿನ ತಡೆಯ ಲೆಕ್ಕ, ಮಾತ್ರ ಆಂಪಿಗೆ ಸರಿಯಾಗಿ ಹೊಂದುತ್ತಿತ್ತು, ಆದ್ದರಿಂದ ಏನೂ ಸುಡುವುದಿಲ್ಲ. ಮುಂದಿನ ಹಲಗೆಯನ್ನು ಬದಲಿಸಿ, ಹೊಸ ಪ್ಲೈವುಡ್ಡಿನಲ್ಲಿ ಹತ್ತು ಇಂಚಿನ ತೂತು ಕೊಯ್ದು, ವೂಫರನ್ನು ಕೂರಿಸಿದ. ಕೆಲಸವನ್ನು ಮಾತ್ರ ಅಂದವಾಗಿ ಮಾಡಿದ. ಬೆಸುಗೆ ಬೆಳ್ಳಿಯ ಮಣಿಯಂತೆ ಹೊಳೆಯಿತು.

ಮುಖ್ತಿಯಾರ್ ಸಾಬರು ಕಣ್ಣು ಮಂಜಾಗಿದ್ದರೂ ಕೋನಿನ ಮೇಲೆ ಬೆರಳಾಡಿಸಿ ವಿಷಯ ತಿಳಿದುಕೊಂಡರು. ಇದನ್ನು ಯಾಕಪ್ಪಾ ಇದಕ್ಕೆ ಹಾಕಿದೆ ಎಂದು ಕೇಳಿದರು. ಗಿರಾಕಿ ಕೇಳಿದ್ದು ಇದನ್ನೇ ಎಂದು ಮುನಿಕೃಷ್ಣ ಹೇಳಿದ. ಸಾಬರಿಗೆ ಹಳೇ ಕತೆಯೆಲ್ಲ ಗೊತ್ತಿತ್ತು.

"ನೋಡು ಭಾಯ್, ಗುಸ್ಸಾ ಇದ್ರೆ ಹೋಗಿ ಮುಖದ ಮೇಲೆ ಬೈದು ಬಾ. ಅದನ್ನ ಕೈಕೆಲಸದಲ್ಲಿ ಹಾಕ್ಬೇಡ" ಎಂದರು.

ಬೈದರೆ ಒಂದು ದಿನಕ್ಕೆ ಮುಗಿಯುತ್ತದೆ ಸಾಬ್, ಎಂದು ಮುನಿಕೃಷ್ಣ ಸ್ಕ್ರೂ ಬಿಗಿದ. ಸಾಬರು ತಲೆ ಅಲ್ಲಾಡಿಸಿ ನಮಾಜಿಗೆ ಎದ್ದುಹೋದರು.

ಪೆಟ್ಟಿಗೆ ಒಯ್ಯಲು ಬಂದ ಅಮರನಾಥ್ ಮೊದಲು ಮಾಡಿದ ಕೆಲಸವೆಂದರೆ ಹಿಂದಿನಿಂದ ಕೈ ಹಾಕಿ ಸ್ಪೀಕರಿನ ಅಯಸ್ಕಾಂತವನ್ನು ತಡವಿ ನೋಡಿದ್ದು. ಪೆಟ್ಟಿಗೆ ಎತ್ತಿ ತೂಕ ನೋಡಿದ. ಈ ಕಡೆಯ ಮೈಕ್ ಸೆಟ್ಟಿನವರು ಸ್ಪೀಕರ್ ಕೊಳ್ಳುವುದೇ ಹೀಗೆ, ಕುಂಬಳಕಾಯಿ ಕೊಂಡ ಹಾಗೆ, ತೂಕ ನೋಡಿ. ಭಾರಕ್ಕೆ ಅವನ ಮುಖ ಅರಳಿತು. ಅಂಗಡಿಯಲ್ಲಿ ಗಿಟಾರ್ ಇರಲಿಲ್ಲ, ಅವನೂ ತಂದಿರಲಿಲ್ಲ. ಮುನಿಕೃಷ್ಣ ವೈರಿನ ತುದಿಯನ್ನು ಬೆರಳಲ್ಲಿ ಮುಟ್ಟಿ ಗುಂಯ್ ಎನ್ನಿಸಿ ತೋರಿಸಿದ. ನೀನೂ ಭಾನುವಾರ ಬಂದುಬಿಡು, ಏನಾದರೂ ಹೆಚ್ಚುಕಮ್ಮಿ ಆದರೆ ಜೊತೆಗಿರು, ಊಟ ಅಲ್ಲೇ, ಎಂದ ಅಮರನಾಥ್. ಕರೆಯದಿದ್ದರೆ ಮುನಿಕೃಷ್ಣ ಕಿಟಕಿ ಹತ್ತಿಯಾದರೂ ನೋಡುತ್ತಿದ್ದ.

ಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದ. ಮುನಿಶಾಮಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಹೋಗಲಿ ಬಿಡು, ಆ ಮನೆಗೆ ಯಾಕೆ ಹೋಗ್ತೀಯ ಎಂದಳು. ವಯಸ್ಸಾಯಿತು, ಶಾಪಕ್ಕೂ ಶಕ್ತಿ ಸಾಲದು ಎಂದು ಮುನಿಕೃಷ್ಣ ತನ್ನಷ್ಟಕ್ಕೆ ನಕ್ಕ.

ಭಾನುವಾರ ಅವನು ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದ. ವಕ್ಕಲೇರಿ ದಾಟುವವರೆಗೂ ಅವನ ಮನಸ್ಸು ಅಮರನಾಥನ ಬೆವರುವ ಹಣೆಯನ್ನೇ ನೋಡುತ್ತಿತ್ತು. ಮಾಲೂರಿನ ಆ ಮನೆ ದೊಡ್ಡದಲ್ಲ. ನಡುಮನೆಯಲ್ಲಿ ಸೋಫಾದ ಮೇಲೆ ಚನ್ನರಾಯಪ್ಪ, ಅವರ ಹೆಂಡತಿ, ಮದುವೆಯ ಗಂಡು ಉಮೇಶ್ ಕೂತಿದ್ದರು. ಅಮರನಾಥನ ಹೆಂಡತಿ ಅನಸೂಯಮ್ಮ ಮತ್ತು ಮಗಳು ರಂಜಿತ ಕೋಡುಬಳೆ, ಕಾಫಿ ತಂದಿಟ್ಟರು. ಮುನಿಕೃಷ್ಣ ಬಾಗಿಲ ಪಕ್ಕದ ಕುರ್ಚಿಯನ್ನು ತಾನೇ ಆರಿಸಿಕೊಂಡ, ಎಲ್ಲರ ಮುಖವೂ ಅಲ್ಲಿಂದ ಕಾಣುತ್ತಿತ್ತು.

ಅಮರನಾಥ್ ಆಂಪು ಹಚ್ಚಿದ, ವಾಲ್ವ್‌ಗಳು ಕೆಂಪಾಗುವವರೆಗೆ ಕಾದ, ತಂತಿಯ ಮೇಲೆ ಕೈಯಾಡಿಸಿದ. ಸದ್ದು ಅರೆಜೀವದಲ್ಲಿ ಹೊರಬಂತು. ಚನ್ನರಾಯಪ್ಪ ಕತ್ತು ಮುಂದೆ ಚಾಚಿದರು. ಅಮರನಾಥನ ಹುಬ್ಬು ಗಂಟಾಯಿತು. ಮುನಿಕೃಷ್ಣ ಕಾಫಿ ಲೋಟದ ಹಿಂದೆ ತುಟಿ ಮುಚ್ಚಿಕೊಂಡ. ಅಪ್ಪಾ, ನೋಡು, ಎಂದು ಮನಸ್ಸಿನಲ್ಲೇ ಹೇಳಿದ.

ಅಮರನಾಥ್ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ, ಸಾಲಲಿಲ್ಲ. ಕಡೆಗೆ ಪೂರ್ತಿ ತಿರುಗಿಸಿದ, ಇನ್ನು ತಿರುಗಲು ಜಾಗವಿಲ್ಲದಷ್ಟು. ಮತ್ತೆ ಮೀಟಿದ.

ಆಗ ಬಂದ ದನಿಯನ್ನು ಮುನಿಕೃಷ್ಣ ತನ್ನ ಇಡೀ ವೃತ್ತಿಯಲ್ಲಿ ಕೇಳಿರಲಿಲ್ಲ. ಪೂರ್ತಿ ತಿರುಗಿಸಿದ ವಾಲ್ವ್‌ಗಳು ಒಳಗೆ ಎದೆ ತುಂಬಿ ಹಾಡುತ್ತಿದ್ದವು. ಆ ಮೊದ್ದು ವೂಫರ್ ಅದರ ಆರ್ಭಟವನ್ನು ನುಂಗಿ, ತಗಡಿನ ಕರ್ಕಶವನ್ನು ನುಂಗಿ, ನಡುಮನೆಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೊರಗೆ ಬಿಡುತ್ತಿತ್ತು. ಸ್ವರ ಕಾಸಿದ ಬೆಲ್ಲದ ಪಾಕದಂತೆ ಎಳೆಯಾಗಿ ನಿಂತಿತು. ಹಳೇ ಸ್ಪೀಕರಿನಲ್ಲಿ ಗುಂಡಿಯನ್ನು ಕಾಲುಭಾಗ ತಿರುಗಿಸಿದರೆ ಪಕ್ಕದ ಮನೆಯವರು ಕಾಂಪೌಂಡಿಗೆ ಬರುತ್ತಿದ್ದರು ಎಂದು ಅನಸೂಯಮ್ಮ ಬೀಗಿತ್ತಿಯ ಕಿವಿಯಲ್ಲಿ ಹೇಳಿದರು, ಆ ಪಿಸುಮಾತೂ ಕೇಳಿಸುವಷ್ಟು ಹದವಾಗಿತ್ತು ಸದ್ದು. ಮೈಕ್ ಸೆಟ್ಟಿನ ಅಂಗಡಿಗೆ ಹೆಚ್ಚು ಸದ್ದು ಕೇಳಿಕೊಂಡು ಬಂದವರುಂಟು, ಕಡಿಮೆ ಸದ್ದು ಬೇಕು ಎಂದವರು ಇಲ್ಲಿಯವರೆಗೆ ಒಬ್ಬರೂ ಬಂದಿರಲಿಲ್ಲ. ಮನೆಯಲ್ಲಿ ನುಡಿಸುವವನಿಗೆ ಸದ್ದು ನುಂಗುವ ಸ್ಪೀಕರೇ ವರವಾದೀತು ಎಂದು ಮುನಿಕೃಷ್ಣನಿಗೆ ಹೇಗೆ ಹೊಳೆಯಬೇಕು? ಚನ್ನರಾಯಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಎರಡು ಹಾಡು ಮುಗಿದವು. ಚನ್ನರಾಯಪ್ಪ ಎದ್ದುಬಂದು ಪೆಟ್ಟಿಗೆಯನ್ನು ಮುಟ್ಟಿ ನೋಡಿ, ಇಂಥ ಸ್ಪೀಕರ್ ಎಲ್ಲಿ ಹಾಕಿಸಿದಿರಿ ಎಂದು ಕೇಳಿದರು. ಅಮರನಾಥ್ ಬಾಗಿಲ ಕಡೆ ಬಂದು ಮುನಿಕೃಷ್ಣನ ಹೆಗಲ ಮೇಲೆ ಕೈ ಹಾಕಿ, ಇವನೇ ಹಾಕಿದ್ದು, ನಮ್ಮ ಹುಡುಗ, ನಮ್ಮ ಟ್ರೂಪಿನಲ್ಲೇ ಬೆಳೆದವನು ಎಂದ.

ಹೆಗಲ ಮೇಲಿನ ಆ ಕೈ ಮುನಿಕೃಷ್ಣನನ್ನು ಸುಟ್ಟಿತು. ಸೋತಿದ್ದು ಸಾಲದು ಎಂದು ಸೋಲಿಗೆ ಶಹಬ್ಬಾಸ್ ಬೇರೆ. ಅವನು ಕೈಯನ್ನು ಕೊಡವಿ ಎದ್ದು ನಿಂತ.

"ಚೆನ್ನಾಗಿರ್ಲಿ ಅಂತ ಹಾಕಿದ್ದಲ್ಲ ಅಮರಣ್ಣ. ನಿಮ್ಮ ಸದ್ದು ಮುಚ್ಚಿಹೋಗ್ಲಿ ಅಂತ ಹಾಕಿದ್ದು. ಇವರ ಮುಂದೆ ನಿಮ್ಮ ಮಾನ ಹೋಗ್ಲಿ ಅಂತ."

ರಂಜಿತ ಲೋಟಗಳನ್ನು ಎತ್ತುತ್ತಿದ್ದವಳು ಹಾಗೇ ನಿಂತಳು. ಮುನಿಕೃಷ್ಣ ನಿಲ್ಲಿಸಲಿಲ್ಲ. ಶ್ರೀನಿವಾಸಪುರದ ಸಂಜೆಯನ್ನು, ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನನ್ನು, ಬಸ್ಸಿನಲ್ಲಿ ಅವನು ಆಡಿದ ಮಾತನ್ನು, ಊರಿಟ್ಟ ಹೆಸರನ್ನು, ಮಣ್ಣು ಮಾಡಿದ ದಿನವನ್ನು, ಒಂದನ್ನೂ ಬಿಡದೆ ಬೀಗರಾಗುವವರ ಮುಖ ನೋಡಿ ಹೇಳಿದ. ಇಂಥವನ ಮನೆಯಿಂದ ಹೆಣ್ಣು ತರುತ್ತಿದ್ದೀರಿ, ನೋಡಿಕೊಳ್ಳಿ ಎಂದೂ ಹೇಳಿದ. ಅಷ್ಟು ಹೇಳಬಾರದಿತ್ತು. ಆದರೆ ಸಿಟ್ಟಿಗೆ ತಡೆಯಿಲ್ಲ, ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡರೂ ಅವನಿಗೆ ಆಗ ಖುಷಿಯೇ ಆಯಿತು. ಸ್ಪೀಕರ್ ಮಾಡದ ಕೆಲಸವನ್ನು ಬಾಯಿ ಮಾಡಿತು ಎಂದು ಎದೆ ತಣ್ಣಗಾಯಿತು.

ಚನ್ನರಾಯಪ್ಪ ನಿಧಾನವಾಗಿ ಅಮರನಾಥನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು.

ಅಮರನಾಥ್ ಗಿಟಾರನ್ನು ಗೋಡೆಗೆ ಒರಗಿಸಿಟ್ಟ. ಮೂತಿ ಬಿಳುಚಿಕೊಂಡಿತ್ತು. "ನಿಜ. ನಾನೇ ಮುಚ್ಚಿದ್ದು" ಎಂದ. ಆಮೇಲೆ ಮುನಿಕೃಷ್ಣನನ್ನು ನೋಡಿ, "ನಿಮ್ಮಪ್ಪ ಬಂದು ಕೇಳ್ಕೊಂಡಿದ್ದಕ್ಕೆ ಮುಚ್ಚಿದ್ದು ಕಣೋ" ಎಂದ.

ಸುಳ್ಳು, ಎಂದು ಮುನಿಕೃಷ್ಣ ಕೂಗಿದ. ಅಮರನಾಥ್ ತಡೆದು ತಡೆದು ಹೇಳಿದ. ಅವತ್ತು ಕಾರ್ಯಕ್ರಮಕ್ಕೆ ಮುಂಚೆ ಆವಲಪ್ಪ ಬುಟ್ಟಿಯಲ್ಲಿ ಒಂದು ನಾಟಿ ಕೋಳಿ ಇಟ್ಟುಕೊಂಡು ವೇದಿಕೆಯ ಹಿಂದೆ ಬಂದಿದ್ದ. ಮಗ ಮುಳಬಾಗಿಲಿಗೆ ಹೋದರೆ ಮತ್ತೆ ಮನೆಗೆ ಬರುವುದಿಲ್ಲ, ಜನದ ಮುಂದೆ ಒಂದು ಸಲ ಮಾನ ಹೋದರೆ ತಾನಾಗಿ ಊರಿಗೆ ತಿರುಗುತ್ತಾನೆ, ಹೇಗಾದರೂ ಮಾಡಿ ಎಂದು ಕೈ ಹಿಡಿದುಕೊಂಡಿದ್ದ. ಊರಿಗೆ ಹೋಗಿ ಹುಳ ಸಾಕು ಎಂದು ಬೈದು ಕಳಿಸಿ ಅಂದದ್ದೂ ಅವನೇ. ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದ. ಮುಳಬಾಗಿಲಿನವರ ಮೇಲೆ ತನಗೂ ಹೊಟ್ಟೆಕಿಚ್ಚು ಇತ್ತು, ಅದಕ್ಕೇ ಹೂಂ ಅಂದದ್ದು, ಅದು ತನ್ನ ತಪ್ಪು, ಎಂದ.

"ಸತ್ತೋರ ಮಾತು ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಮುಚ್ಕೊಂಡ್ರೆ ನನ್ನ ಮಗಳ ಗತಿ ಏನು? ನಂಬಿಕೆ ಇಲ್ದಿದ್ರೆ ನಿಮ್ಮಮ್ಮ ಇದ್ದಾರಲ್ಲ, ಹೋಗಿ ಕೇಳು."

ಮುನಿಕೃಷ್ಣ ಊಟ ಮಾಡದೆ ಹೊರಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮರನಾಥನನ್ನು ಬೈಯುತ್ತಲೇ ಇದ್ದ. ಸತ್ತವರ ತಲೆಗೆ ಕಟ್ಟುವುದು ಸುಲಭ, ಸತ್ತವನು ಎದ್ದುಬಂದು ಇಲ್ಲ ಅನ್ನುತ್ತಾನೆಯೇ? ನಾಯಿ ಬುದ್ಧಿ, ಅಂಥವನು ಏನು ಬೇಕಾದರೂ ಹೇಳುತ್ತಾನೆ. ಆದರೆ ಆ ಕೋಳಿ ಅವನ ತಲೆಯೊಳಗೆ ಹೊಕ್ಕು ಕೆದರುತ್ತಿತ್ತು. ಅವತ್ತು ಅಪ್ಪನ ಕೈಯಲ್ಲಿ ಬುಟ್ಟಿ ಇದ್ದದ್ದು ಅವನಿಗೆ ನೆನಪಿತ್ತು, ಬರುವಾಗ ಇರಲಿಲ್ಲ.

ಹುತ್ತೂರಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಮುನಿಶಾಮಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಮಗನ ಮುಖ ನೋಡಿದಳು, ಏನಾಯಿತು ಎಂದು ಕೇಳಲಿಲ್ಲ.

"ಅಪ್ಪನ್ನ ಶ್ರೀನಿವಾಸಪುರಕ್ಕೆ ಕೋಳಿ ಕೊಟ್ಟು ಕಳಿಸಿದ್ದು ಯಾರಮ್ಮ?"

ಅವಳ ಬೆರಳುಗಳು ಇನ್ನೂ ನಾಲ್ಕಾರು ಕಾಳು ಹಿಸುಕಿದವು, ಆಮೇಲೆ ನಿಂತವು.

"ನಾನೇ" ಎಂದಳು. "ನಿಮ್ಮಪ್ಪಂಗೆ ಅಷ್ಟು ಬುದ್ಧಿ ಎಲ್ಲಿತ್ತು ನಾಯನಾ? ಹೇಳ್ಕೊಟ್ಟೋಳೂ ನಾನೇ, ಕೋಳಿ ಹಿಡಿದು ಬುಟ್ಟೀಲಿ ಹಾಕ್ದೋಳೂ ನಾನೇ."

ಮುನಿಕೃಷ್ಣ ಕಂಬ ಹಿಡಿದುಕೊಂಡ. ಅವಳು ನೆಲ ನೋಡಿಕೊಂಡು ಹೇಳಿದಳು. ಅದರ ಹಿಂದಿನ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಹಗಲೂ ರಾತ್ರಿ ಸೊಪ್ಪು ಕೇಳುತ್ತಿದ್ದವು. ಗಂಡನಿಗೆ ಸೊಂಟ ಹಿಡಿದು ಮಲಗಿದ್ದ, ಮಗ ಪ್ರಾಕ್ಟೀಸ್ ಎಂದು ಕೋಲಾರ ಸೇರಿಕೊಂಡಿದ್ದ, ಒಬ್ಬಳೇ ಎಷ್ಟು ಕೊಯ್ದಾಳು? ಮನೆ ತುಂಬ ಇದ್ದ ಹುಳು ಹಸಿದು ಸತ್ತವು, ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದಳು. ಅವತ್ತೇ ತೀರ್ಮಾನಿಸಿದಳು, ಗಿಟಾರ್ ಇರಬೇಕು ಇಲ್ಲ ಮನೆ ಇರಬೇಕು ಎಂದು. ಬೇಡ ಎಂದು ಬಾಯಲ್ಲಿ ಹೇಳಿದರೆ ಮಗ ಕೇಳುವವನಾಗಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ಅವನಿಗೆ ಶಾಪ ಹಾಕಿದ್ದೇಕೆ ಎಂದು ಮುನಿಕೃಷ್ಣ ಕೇಳಿದ.

"ನೀನು ಅವನನ್ನ ಬೈಕೊಂಡಿದ್ರೆ ನನ್ನನ್ನ ಕೇಳ್ತಿರ್ಲಿಲ್ಲ ಕಣೋ. ಅದಕ್ಕೆ" ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು ಮೊದಲ ಸಲ ಅವನ ಕಣ್ಣು ನೋಡಿದಳು. "ಸಿಟ್ಟು ತೀರಿಸ್ಕೋಬೇಕಾ? ಇಲ್ಲೇ ಕೂತಿದ್ದೀನಿ, ತೀರಿಸ್ಕೋ."

ಮುನಿಕೃಷ್ಣ ಬಾಯಿ ತೆರೆದ. ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು, ಒಂದೂ ಈ ಮುದುಕಿಗೆ ಹೊಂದಲಿಲ್ಲ. ಮಾಲೂರಿನ ಮನೆಯಲ್ಲಿ ಕಣ್ಣು ತುಂಬಿಕೊಂಡು ನಿಂತ ಹುಡುಗಿಯ ನೆನಪಾಗಿ ನಾಚಿಕೆಯಾಯಿತು. ಕಂಬ ಬಿಟ್ಟು ಜಗಲಿಯ ಅಂಚಿನಲ್ಲಿ, ಅಮ್ಮನಿಗೆ ಬೆನ್ನು ಮಾಡಿ ಕೂತ. ಬೀದಿಯಲ್ಲಿ ಯಾರದೋ ಹಸುಗಳು ಹಾಲಿನ ಹೊತ್ತಿಗೆ ಮನೆಗೆ ಹೋಗುತ್ತಿದ್ದವು. ಅವೆಲ್ಲ ದಾಟಿದ ಮೇಲೆ, ತಿರುಗಿ ನೋಡದೆ, ಒಂದೇ ಮಾತು ಕೇಳಿದ.

"ಅವತ್ತು ಮನೆಗೆ ಬಂದು ಅಪ್ಪ ಏನಂದ?"

ಮುನಿಶಾಮಮ್ಮ ಹಿಸುಕಿದ ಕಾಳನ್ನು ಒಂದು ಕಡೆಗೆ ಸರಿಸಿದಳು.

"ಹುಳದ ಮನೇಲಿ ಒಬ್ಬನೇ ಕೂತ್ಕೊಂಡು ಅತ್ತ. ಮೊದ್ಲು ಒಂದು ಹಾಡು ಕೇಳಿಸ್ಕೊಂಡು, ಆಮೇಲೆ ಹೋಗಿ ಮುಚ್ಚು ಅಂತ ಹೇಳ್ಬೇಕಿತ್ತು ಕಣೇ, ಅಂದ."